ಸಂತ ಅನ್ನಮ್ಮನ ಪಾದ ಕಾಯುವ ಅಲಾರಾಮಿನವರಿಗೆ

ಮಾನ್ಯ ಅಲಾರಾಮಿನವರೇ,

ಮಸ್ಕತ್ತಿನ ಅಲ್ ಹೈಲ್‌ನಿಂದ ಕ್ಯಾಸ್ಮಿರ್ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದೂ ತಮ್ಮ ಗಂಟಲು ಇನ್ನೂ ಹಾಗೆಯೇ ಇದೆಯೆಂದೂ ನಂಬಿದ್ದೇನೆ. ನಾನೀಗ ಇಲ್ಲೇ ಹತ್ತಿರದ ಘಾಲಾದ ಇಗರ್ಜಿಯ ಹೊರಗೆ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದೇನೆ. ನನ್ನ ಹೆಂಡತಿ ರೋಸ್ ಒಳಗೆ ಹಾಡಿನ ಪ್ರಾಕ್ಟೀಸಿನಲ್ಲಿದ್ದಾಳೆ. ಅವಳು ಬರುವವರೆಗೆ ಮಾತಾಡಲು ಬೇರೆ ಯಾರೂ ಇಲ್ಲದ್ದರಿಂದ ಈ ದೂರನ್ನು ಫೋನಿಗೆ ಹೇಳುತ್ತಿದ್ದೇನೆ, ಆಮೇಲೆ ಕಾಗದಕ್ಕೆ ಇಳಿಸುತ್ತೇನೆ. ಐವತ್ತು ತುಂಬಿದವನ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು, ಕೂಗಿ ನಿಲ್ಲಿಸಬಾರದು.

ತಮಗೆ ನಮ್ಮ ನೆನಪಿರಬಹುದು. ಹೋದ ತಿಂಗಳು ರಜೆ ಹಾಕಿ ಸ್ಪೇನಿಗೆ ಬಂದಿದ್ದ ನಾನು, ರೋಸ್ ಮತ್ತು ಮಗಳು ನಿಕೋಲ್, ತಾವು ಸೇವೆ ಸಲ್ಲಿಸುವ ಕಲಾ ಗ್ಯಾಲರಿಗೆ ಬಂದೆವು. ಅದು ಹಿಂದೆ ರಾಜರಿದ್ದ ಅರಮನೆಯಂತೆ. ರಾಜರು ಹೋದ ಮೇಲೆ ಅವರ ಗತ್ತನ್ನು ಯಾರಾದರೂ ಮುಂದುವರಿಸಬೇಕಲ್ಲ, ಆ ಜವಾಬ್ದಾರಿ ತಮ್ಮ ಹೆಗಲಿಗೆ ಬಿದ್ದಿದೆ ಎಂದು ನಮಗೆ ಮಹಡಿ ಹತ್ತಿದ ಮೇಲೆ ತಿಳಿಯಿತು. ಕೋಣೆ ಕೋಣೆಯಲ್ಲೂ ಚಿತ್ರಗಳು: ಹೊಟ್ಟೆನೋವು ಬಂದವರ ಹಾಗೆ ನಿಂತ ದೊರೆಗಳು, ನಾಯಿಮರಿ ಎತ್ತಿಕೊಂಡ ರಾಣಿಯರು, ಯಾರೋ ಅರ್ಧ ಸುಲಿದು ಬಿಟ್ಟುಹೋದ ಒಂದು ಲಿಂಬೆಹಣ್ಣು. ರೋಸ್ ಇದ್ಯಾವುದನ್ನೂ ನೋಡಲಿಲ್ಲ. ಅವಳು ಬಂದದ್ದೇ ಸಂತ ಅನ್ನಮ್ಮನಿಗಾಗಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕೆಳಗಿನ ಫ್ಲ್ಯಾಟಿನ ಪ್ರಿನ್ಸಿ ಬಸುರಿ. ಹಿಂದೆ ಎರಡು ಸಲ ನಿಲ್ಲಲಿಲ್ಲ, ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದಾರೆ. ನಾವು ಮಂಗಳೂರು ಕಡೆಯವರು ಇಗರ್ಜಿಯಲ್ಲಿ ಸಂತರ ಪಾದ ಮುಟ್ಟಿ ಆ ಬೆರಳನ್ನು ತುಟಿಗೆ ತರುತ್ತೇವೆ. ಬರಲಾಗದವರ ಕರವಸ್ತ್ರವನ್ನು ಪಾದಕ್ಕೆ ತಾಗಿಸಿ ಒಯ್ದು ಕೊಡುತ್ತೇವೆ. ಅನ್ನಮ್ಮನೆಂದರೆ ಮೇರಿ ಮಾತೆಯ ತಾಯಿ, ಬಸುರಿಯರ ಪಾಲಿಗೆ ಹೆತ್ತ ತಾಯಿಗಿಂತ ಹತ್ತಿರ. ತಮ್ಮಲ್ಲಿ ಅವಳ ಹಳೆಯ ಮರದ ಮೂರ್ತಿ ಇದೆಯೆಂದು ನಿಕೋಲ್ ಫೋನಿನಲ್ಲಿ ತೋರಿಸಿದ್ದೇ ತಡ, ಪ್ರಿನ್ಸಿ ಮಲಗಿದಲ್ಲಿಂದಲೇ ತನ್ನ ಕರವಸ್ತ್ರ ಕೊಟ್ಟಳು, ರೋಸ್ ಮಾತು ಕೊಟ್ಟಳು.

ಮೂರ್ತಿಯ ಮುಂದೆ ಮೋಂಬತ್ತಿ ಹಚ್ಚುವ ಜಾಗವಿಲ್ಲ, ಮೊಣಕಾಲೂರುವ ಬೆಂಚಿಲ್ಲ ಎಂದು ರೋಸ್ ಆಡಳಿತದವರನ್ನು ಬೈದುಕೊಳ್ಳುತ್ತಲೇ ಶಿಲುಬೆಯ ಗುರುತು ಹಾಕಿ ಕೈ ಚಾಚಿದಳು. ಆಗ ತಾವು ಕೂಗಿದಿರಿ. ಆಹಾ, ಎಂಥ ಕಂಠ. ಚಿತ್ರ ನೋಡುತ್ತಿದ್ದವರೆಲ್ಲ ನಮ್ಮನ್ನು ನೋಡತೊಡಗಿದರು, ನಾವೂ ಗೋಡೆಗೆ ಹಾಕುವ ಯೋಗ್ಯತೆ ಉಳ್ಳವರೋ ಏನೋ ಎಂಬ ಹಾಗೆ. ಕಾವಲಿನ ಹೆಂಗಸು ಓಡಿ ಬಂದು ಬೆರಳಾಡಿಸಿ ಹೋದಳು. ನಿಕೋಲ್ ಮುಖ ಮುಚ್ಚಿಕೊಂಡು, "ಮಮ್ಮಿ, ದಿಸ್ ಈಸ್ ನಾಟ್ ಅ ಚರ್ಚ್" ಎಂದಳು. ಅನ್ನಮ್ಮ ನಿಂತ ಜಾಗ ಮತ್ತೇನಂತೆ ಎಂದು ರೋಸ್ ಕೇಳಿದಳು.

ಮುಂದಿನ ಪ್ರಯತ್ನಕ್ಕೆ ನನ್ನ ಬಾಯಿಯನ್ನು ಬಳಸಿಕೊಳ್ಳಲಾಯಿತು. ಇಷ್ಟು ವರ್ಷ ಮನೆಯವರ ತಲೆ ತಿಂದ ಆ ಬಾಯಿ ಒಂದು ದಿನವಾದರೂ ಉಪಯೋಗಕ್ಕೆ ಬರಲಿ ಎಂದು ರೋಸ್ ಅಪ್ಪಣೆ ಮಾಡಿದ್ದರಿಂದ, ನಾನು ಕಾವಲಿನಾಕೆಯನ್ನು ಪಕ್ಕದ ಕೋಣೆಗೆ ಕರೆದೊಯ್ದು ಮಸ್ಕತ್ತಿನ ಸೆಕೆ, ಖರ್ಜೂರದ ಜಾತಿಗಳು, ನನಗೆ ವೀಸಾ ಕೊಟ್ಟ ಯಜಮಾನ ಕಫೀಲನ ಮಗನ ಮದುವೆ ಎಲ್ಲವನ್ನೂ ವಿವರಿಸಿದೆ. ಒಂದಕ್ಷರ ಅರ್ಥವಾಗದಿದ್ದರೂ ಆಕೆ ಕೇಳಿಸಿಕೊಂಡಳು. ಅತ್ತ ರೋಸ್ ಗ್ಯಾಲರಿಯ ನಕ್ಷೆಯನ್ನು ಕೋಲಿನ ಹಾಗೆ ಸುತ್ತಿ, ತುದಿಗೆ ಕರವಸ್ತ್ರ ಸಿಕ್ಕಿಸಿ, ಗಾಳ ಹಾಕುವವಳಂತೆ ಮೆಲ್ಲಗೆ ಮುಂದೆ ಚಾಚಿದ್ದಾಳೆ. ತಾವು ಮತ್ತೆ ಕೂಗಿದಿರಿ. ನನ್ನ ಮಾತಿಗೆ ಬಗ್ಗದವರು ಈ ಭೂಮಿಯ ಮೇಲೆ ತಾವೊಬ್ಬರೇ. ಈ ಸಲ ನಮ್ಮನ್ನು ಬಹಳ ಮರ್ಯಾದೆಯಿಂದ ಬಾಗಿಲವರೆಗೆ ಬಿಟ್ಟುಬಂದರು. ಖಲಾಸ್.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ಮಧ್ಯಾಹ್ನವಾದರೆ ತಮ್ಮ ಊರಿನಲ್ಲೂ ನಮ್ಮ ಮಸ್ಕತ್ತಿನಲ್ಲೂ ಅಂಗಡಿಯವರು ಬಾಗಿಲೆಳೆದು ಮಲಗುತ್ತಾರೆ. ತಾವೂ ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿದರೆ ಅರಮನೆ ಕುಸಿಯುವುದಿಲ್ಲ. ಅದಾಗದಿದ್ದರೆ ಕಳ್ಳನ ಕೈಗೂ ಹರಕೆಯ ಕೈಗೂ ಇರುವ ವ್ಯತ್ಯಾಸವನ್ನಾದರೂ ಕಲಿಯಬೇಕು. ಕಳ್ಳರು ಮೊದಲು ಶಿಲುಬೆಯ ಗುರುತು ಹಾಕುವುದಿಲ್ಲ. ಅದೂ ಆಗದಿದ್ದರೆ ಅನ್ನಮ್ಮನಿಗೇ ಒಂದು ಹೆಜ್ಜೆ ಮುಂದೆ ಬರಲು ಹೇಳಿ.

ವಾಪಸು ಬರುವಾಗ ವಿಮಾನದಲ್ಲಿ ರೋಸ್ ಊಟ ಮುಟ್ಟಲಿಲ್ಲ. ಕರವಸ್ತ್ರ ಕೊಟ್ಟು ತಾಗಿಸಿದೆ ಅಂದುಬಿಡು, ಮೂರ್ತಿಯ ಹತ್ತಿರ ಯಾರು ವಿಚಾರಿಸಲು ಹೋಗುತ್ತಾರೆ ಎಂದೆ. ಅನ್ನಮ್ಮನ ಹೆಸರಲ್ಲಿ ಸುಳ್ಳು ಹೇಳಿ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಹುಡುಗಿಯ ಮುಖ ಹೇಗೆ ನೋಡಲಿ ಎಂದಳು. ಅಲ್ಲಿಂದ ಮಸ್ಕತ್ ತನಕ ನಾನೂ ಬಾಯಿ ಬಿಡಲಿಲ್ಲ. ನಿಕೋಲ್ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಮರುದಿನ ಪ್ರಿನ್ಸಿಯ ಮಂಚದ ಪಕ್ಕ ಕೂತು ರೋಸ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾಗಲಿಲ್ಲ, ಬೆಲ್ ಹೊಡೆಯಿತು ಎಂದಳು. ನನಗಂತೂ ಎದ್ದು ಹೋಗೋಣ ಅನ್ನಿಸಿತ್ತು.

"ಬೆಲ್ ತುಂಬಾ ಜೋರಿತ್ತಾ ರೋಸಕ್ಕ?" ಎಂದು ಪ್ರಿನ್ಸಿ ಕೇಳಿದಳು.

"ಇಡೀ ಅರಮನೆಗೆ ಕೇಳಿತು ಮಾರಾಯ್ತಿ."

"ಹಾಗಾದ್ರೆ ಅಷ್ಟು ಹತ್ತಿರ ನಿಂತ ಅನ್ನಮ್ಮನಿಗೆ ಕೇಳದೆ ಇರ್ತದಾ?" ಎಂದವಳೇ ಕರವಸ್ತ್ರ ಇಸಿದುಕೊಂಡು ಹೊಟ್ಟೆಯ ಮೇಲೆ ಹರಡಿಕೊಂಡಳು. ಅಂದು ರಾತ್ರಿ ರೋಸ್ ಎರಡು ಸಲ ಅನ್ನ ಬಡಿಸಿಕೊಂಡಳು.

ಹೀಗಾಗಿ ದೂರನ್ನು ಹಿಂದಕ್ಕೆ ಪಡೆಯಬೇಕೆಂದು ರೋಸಳ ಹಟ. ಪೂರ್ತಿ ಪಡೆಯಲು ನನಗೆ ಮನಸ್ಸಿಲ್ಲ. ಬದಲಿಗೆ ಇನ್ನೊಂದು ಕೋರಿಕೆ ಸೇರಿಸುತ್ತೇನೆ. ಪ್ರಿನ್ಸಿಗೆ ನೋವು ಶುರುವಾದ ದಿನ, ಯಾರ ಕೈಯೂ ಹತ್ತಿರ ಬಾರದಿದ್ದರೂ, ದಯವಿಟ್ಟು ತಾವಾಗಿಯೇ ಒಮ್ಮೆ ಕೂಗಬೇಕು. ಅಂದಿನ ಹಾಗೆಯೇ, ಗಂಟಲು ಬಿಟ್ಟು.

ಕಿವಿ ಇನ್ನೂ ಗುಂಯ್‌ಗುಡುತ್ತಿರುವ,
ತಮ್ಮ ವಿಶ್ವಾಸಿ,
ಕ್ಯಾಸ್ಮಿರ್

ತಾ.ಕ.: ತಮ್ಮ ವೃತ್ತಿಬಾಂಧವರೊಬ್ಬರು ನಮ್ಮ ಅಡುಗೆಮನೆಯ ಮೇಲ್ಛಾವಣಿಯಲ್ಲಿದ್ದಾರೆ. ರೋಸ್ ಬಂಗುಡೆ ಹುರಿದಾಗಲೆಲ್ಲ ಹೊಗೆ ಹೊಗೆ ಎಂದು ಅರಚುತ್ತಾರೆ. ಆಗ ವಾಚ್‌ಮನ್ ಓಡಿ ಬರುತ್ತಾನೆ, ಆದರೆ ಯಾರನ್ನೂ ಹೊರಗೆ ಕಳಿಸುವುದಿಲ್ಲ, ಎರಡು ತುಂಡು ತಿಂದು ಹೋಗುತ್ತಾನೆ. ತಮ್ಮ ಕಾವಲಿನಾಕೆಯನ್ನು ತರಬೇತಿಗೆ ಕಳಿಸುವುದಾದರೆ ನಮಗೆ ರಜೆಯಿರುವ ಶುಕ್ರವಾರ ಅನುಕೂಲ.