ಎಲೆಕ್ಟ್ರೋಎನ್‌ಸೆಫಲೋಗ್ರಾಫಿಕ್ ಪ್ರಸಂಗ

ಹೆಂಡತಿಗೆ ಇಂಗ್ಲಿಷ್ ಕಲಿಸುವ ದುರ್ಬುದ್ಧಿ ನನಗೆ ಹುಟ್ಟಿದ್ದು ಒಂದು ನರರೋಗದ ಆಸ್ಪತ್ರೆಯಿಂದ. ಅಲ್ಲಿ ರಿಸೆಪ್ಷನಿಸ್ಟ್ ಕೆಲಸ ಖಾಲಿಯಿತ್ತು. ಇಂಗ್ಲಿಷ್ ತಡವರಿಸುತ್ತದೆಂದು ಉಳಿದ ಕಡೆಯೆಲ್ಲ ಬೇಡವೆನ್ನಿಸಿಕೊಂಡಿದ್ದ ಅವಳು ಇದೊಂದರ ಮೇಲೆ ಆಸೆ ಇಟ್ಟುಕೊಂಡಿದ್ದಳು. ಆದರೆ ಅಲ್ಲಿ ಒಂದು ಪದ ಹೇಳಿಸಿ ನೋಡುತ್ತಾರಂತೆ: ಎಲೆಕ್ಟ್ರೋಎನ್‌ಸೆಫಲೋಗ್ರಾಫಿಕ್.

“ಇದು ಪದಾನಾ, ಗೂಡ್ಸ್ ರೈಲಾ?” ಎಂದಳು.

ನನ್ನದು ಜೆರಾಕ್ಸ್ ಅಂಗಡಿ. ದಿನವಿಡೀ ಇಂಗ್ಲಿಷು ನನ್ನ ಕೈಯಿಂದಲೇ ಹಾದುಹೋಗುತ್ತದೆ (ತಲೆಯೊಳಗೂ ಹೋಗುತ್ತದೆಯೇ ಎಂದು ಯಾರೂ ಕೇಳಿಲ್ಲ). ಅಡುಗೆಮನೆಯ ಸ್ಟೂಲೆಂಬ ಗುರುಪೀಠವನ್ನು ಅಲಂಕರಿಸಿದೆ.

“ಬಿಡಿಸಿ ನೋಡು. ಎಲೆಕ್ಟ್ರೋ ಅಂದ್ರೆ ಕರೆಂಟು. ಎನ್, ಒಳಗೆ. ಸೆಫಲೋ, ತಲೆ. ಗ್ರಾಫಿಕ್, ಬರೆಯೋದು.”

“ತಲೆಬರಹ ಅನ್ನಿ.”

“ಅಲ್ಲ ಕಣೇ, ಮಿದುಳಿನ ಕರೆಂಟನ್ನ ಕಾಗದದ ಮೇಲೆ ಬರೆಯೋ ಪರೀಕ್ಷೆಯದು. ಹೇಳು.”

“ಎಲೆಕ್ಟ್ರೋ ಅನ್ನ ಸಫಲೋ...”

“ಅನ್ನ ಯಾಕೆ ಬಂತು?”

“ಒಲೆ ಮೇಲಿದೆಯಲ್ಲ, ಅದಕ್ಕೇ.”

ಕೊನೆಗೆ ಅವಳೇ ದಾರಿ ಹುಡುಕಿದಳು. ಬೀನ್ಸ್ ಹೆಚ್ಚುತ್ತಾ ಒಂದೊಂದು ತುಂಡಿಗೆ ಒಂದೊಂದು ಉಚ್ಚಾರ: ಎ, ಲೆಕ್, ಟ್ರೋ, ಎನ್, ಸೆ, ಫ, ಲೋ. ‘ಗ್ರಾ’ ಮೇಲೆ ಒತ್ತು ಕೊಡು ಎಂದೆ. ಚಾಕು ಮಣೆಗೇ ನಾಟಿತು. ವಾರವೆಲ್ಲ ನಾವು ಬೀನ್ಸೇ ತಿಂದೆವು. ಪದ ಮಾತ್ರ ಅವಳ ಬಾಯಲ್ಲಿ ಒಂದಾಯಿತು.

ಸಂದರ್ಶನಕ್ಕೆ ಜೊತೆಯಲ್ಲಿ ಹೋದೆ. ಬಾಗಿಲಾಚೆಯಿಂದ ಆ ಪದ ನೀರು ಹರಿದಂತೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರು ಅವಳೊಂದಿಗೆ ಹೊರಬಂದರು.

“ಇವತ್ತಿಂದಲೇ ಇವರು ಕೌಂಟರಿನಲ್ಲಿ ಕೂರಲಿ. ಯಾರು ಕಲಿಸಿದ್ದು?”

“ನಾನೇ ಸಾರ್,” ಎಂದು ಎದ್ದು ನಿಂತೆ.

“ಹೌದಾ? ನೀವೊಂದ್ಸಲ ಹೇಳಿ, ಕೇಳೋಣ.”

ಆಗ ಹೊಳೆಯಿತು: ವಾರವಿಡೀ ನಾನು ಪದವನ್ನು ಬಿಡಿಸಿದ್ದೆನೇ ಹೊರತು ಒಮ್ಮೆಯೂ ಕೂಡಿಸಿರಲಿಲ್ಲ.

“ಎಲೆಕ್ಟ್ರೋಫೆನ್... ಸಲಫೋ... ಕ್ರಾಗಿ...” ನಾಲಿಗೆ ಗಂಟುಬಿತ್ತು, ಹಣೆ ಬೆವರಿತು.

ಡಾಕ್ಟರ ಮುಖದ ನಗು ಮಾಯವಾಯಿತು. ನನ್ನ ಕೈಹಿಡಿದು ನಾಡಿ ನೋಡಿದರು. “ಮಾತು ಹೀಗೆ ತೊದಲೋದು ಎಷ್ಟು ದಿನದಿಂದ?”

ಇಲ್ಲ ಸಾರ್ ಎನ್ನಲು ಬಾಯಿ ತೆರೆದರೆ ಅದೂ ತೊದಲಿತು. ಇಬ್ಬರು ನರ್ಸುಗಳು ಬಂದು ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು.

ಅಷ್ಟರಲ್ಲಿ ಹೆಂಡತಿ ಕೌಂಟರಿನಲ್ಲಿ ಫೋನೆತ್ತಿದ್ದಳು. ಮೊದಲ ಕೆಲಸ, ಮೊದಲ ಕರೆ.

“ಎಲೆಕ್ಟ್ರೋಎನ್‌ಸೆಫಲೋಗ್ರಾಫಿಕ್ ವಿಭಾಗನಾ? ಒಬ್ಬರು ಪೇಷಂಟ್ ಬರ್ತಿದ್ದಾರೆ.” ಒಂದೇ ಉಸಿರು, ‘ಗ್ರಾ’ ಮೇಲೆ ಸರಿಯಾದ ಒತ್ತು. ನನಗೇ ಹೆಮ್ಮೆಯಾಯಿತು.

ಪೇಷಂಟು ಯಾರೆಂದು ಆ ಕಡೆಯಿಂದ ಕೇಳಿರಬೇಕು. ಅವಳು ನನ್ನತ್ತ ನೋಡಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೇಳಿದಳು:

“ನಮ್ಮ ಇಂಗ್ಲಿಷ್ ಮೇಷ್ಟ್ರು.”