ಕೋಟು ಹಸಿರು ಕಾರಲ್ಲಿ, ಪ್ಯಾಂಟು ಕೆಂಪು ಕಾರಲ್ಲಿ

ಟೈಲರ್ ಮೂವತ್ತೊಂದನೆಯ ಸಲ ಒದ್ದಾಗ ಸ್ಕೂಟರ್ ಒಮ್ಮೆ ಕೆಮ್ಮಿ, ಕಿಕ್ಕರನ್ನೇ ಉದುರಿಸಿ ಸುಮ್ಮನಾಯಿತು. ಆಗ ಬೆಳಗ್ಗೆ ಒಂಬತ್ತೂವರೆ. ಹನ್ನೊಂದಕ್ಕೆ ಗುಡ್ಡದಾಚೆಯ ಸಭಾಂಗಣದಲ್ಲಿ ಮದುವೆ. ಮದುಮಗ ತೊಡಬೇಕಾದ ಸೂಟು ಇನ್ನೂ ಟೈಲರ್ ಕೈಯಲ್ಲೇ ಇತ್ತು.

"ಪಾಪ, ಅದನ್ಯಾಕೆ ಒದೀತೀರಿ? ನನ್ನ ಕಾರಿಲ್ವಾ?" ಎಂದರು ಎದುರುಮನೆಯ ಹಲ್ಲಿನ ಡಾಕ್ಟರು. ಅವರದು ಉದ್ದ ಮೂತಿಯ, ಎರಡೇ ಬಾಗಿಲಿನ ಕೆಂಪು ಕಾರು. ಐವತ್ತು ವರ್ಷ ಹಳೆಯದಾದರೂ ಬಿಟ್ಟ ಬಾಣದಂತೆ ಹೋಗುತ್ತದೆಂದು ಅವರ ಹೆಮ್ಮೆ.

"ಬಾಣ ಹೋಗತ್ತೆ ಸ್ವಾಮಿ, ನಿಲ್ಲತ್ತಾ?" ಪಕ್ಕದ ಕಾಂಪೌಂಡಿನ ಮೇಲಿಂದ ನಿವೃತ್ತ ಪೋಸ್ಟ್‌ಮಾಸ್ತರರ ತಲೆ ಮೂಡಿತು. ಅವರ ಹಸಿರು ಕಾರೂ ಅಷ್ಟೇ ಹಳೆಯದು. ಕಬ್ಬಿಣದ ಬೀರುವಿಗೆ ಚಕ್ರ ಹಾಕಿದಂತಿತ್ತು. "ನಂದ್ರಲ್ಲಿ ಏಳು ಜನ ಕಾಲು ಚಾಚಿ ಕೂರಬಹುದು. ಕಾರು ಅಂದ್ಮೇಲೆ ಉಪಯೋಗಕ್ಕೆ ಬರಬೇಕು."

"ನಿನ್ನೆ ಅದನ್ನ ಐಸ್‌ಕ್ರೀಂ ತಳ್ಳುಗಾಡಿ ಓವರ್‌ಟೇಕ್ ಮಾಡ್ತು. ನಾನೇ ನೋಡ್ದೆ!"

ಜಗಳ ಕೇಳಿ ಟೈಲರ್ ಹೆಂಡತಿ ಹೊರಬಂದಳು. "ಇಬ್ರೂ ಹೊರಡಿ. ಇವರು ಅರ್ಧ ದಾರಿ ಅದ್ರಲ್ಲಿ, ಅರ್ಧ ದಾರಿ ಇದ್ರಲ್ಲಿ ಬರ್ತಾರೆ. ಯಾವುದು ಮೇಲು ಅಂತ ಇವರೇ ಹೇಳಲಿ."

ಸುಕ್ಕು ಬೀಳಬಾರದೆಂದು ಕೋಟನ್ನು ಹಸಿರು ಕಾರಿನೊಳಗೆ ತೂಗುಹಾಕಿ, ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡು ಟೈಲರ್ ಕೆಂಪು ಕಾರಿನಲ್ಲಿ ಮಡಚಿ ಕುಳಿತ. ಮಂಡಿ ಗಲ್ಲಕ್ಕೆ ತಾಗಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪೇಟೆ ಹಿಂದಾಯಿತು.

"ಡಾಕ್ಟ್ರೇ, ಬ್ರೇಕ್ ಇದೆಯಾ?"

"ಇದೆಯಪ್ಪಾ. ಆದ್ರೆ ಹಾಕಿದ್ರೆ ಎಂಜಿನ್ನಿಗೆ ಬೇಜಾರಾಗತ್ತೆ."

ಗುಡ್ಡದ ಅರ್ಧಕ್ಕೆ ಬರುತ್ತಲೇ ಎಂಜಿನ್ ಬೇಜಾರು ಮಾಡಿಕೊಂಡಿತು. ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ಡಾಕ್ಟರು ಬಾನೆಟ್ ಎತ್ತಿ, ರೋಗಿಗೆ ಹೇಳುವಂತೆ, "ಸ್ವಲ್ಪ ಹೊತ್ತು ಹೀಗೇ ಬಾಯಿ ತೆಗೆದಿರು," ಎಂದರು.

ಹತ್ತು ನಿಮಿಷಕ್ಕೆ ಹಸಿರು ಕಾರು ಏದುಸಿರು ಬಿಡುತ್ತಾ ಬಂತು. "ಪಾರ್ಸಲ್ ಹತ್ತಿಸಿ!" ಎಂದು ಪೋಸ್ಟ್‌ಮಾಸ್ತರು ಕೂಗಿದರು. ತಮ್ಮ ಕಾರಿನ ಉಪಯೋಗ ತೋರಿಸಲು ಅವರು ದಾರಿಯಲ್ಲಿ ಮೂವರು ಹೆಂಗಸರನ್ನೂ ಒಂದು ಮರದ ಏಣಿಯನ್ನೂ ಹತ್ತಿಸಿಕೊಂಡಿದ್ದರು. ಟೈಲರ್ ಏಣಿಯ ಮೆಟ್ಟಿಲುಗಳ ನಡುವೆ ತಲೆ ತೂರಿಸಿ ಕುಳಿತ. ಕಾರು ತೆವಳತೊಡಗಿತು.

"ಅಣ್ಣಾ, ನನ್ನ ರವಿಕೆ ಯಾವಾಗ ಕೊಡ್ತೀರಿ?" ಎಂದು ಹೆಂಗಸರಲ್ಲೊಬ್ಬಳು ಕೇಳಿದಳು. ಟೈಲರ್ ಉತ್ತರಿಸುವ ಮುನ್ನವೇ ಕೆಂಪು ಕಾರು ಸುಂಯ್ಯೆಂದು ಪಕ್ಕದಲ್ಲೇ ಹಾದುಹೋಯಿತು. ಪ್ಯಾಂಟು ಅದರಲ್ಲೇ ಉಳಿದಿತ್ತು!

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕೋಟು, ಪ್ಯಾಂಟು, ಟೈಲರ್ ಮೂವರೂ ಸಭಾಂಗಣದಲ್ಲಿ ಒಂದಾದರು. ಸೂಟು ಮದುಮಗನಿಗೆ ಮೈಗೆ ಅಂಟಿದ ಹಾಗೆ ಕೂತಿತು. ಟೈಲರ್ ಗೋಡೆಗೊರಗಿ ನಿಟ್ಟುಸಿರು ಬಿಟ್ಟ.

ಹೊರಗೆ ಜಗಳ ಮುಂದುವರಿದಿತ್ತು. "ಎಳೆಯೋ ಶಕ್ತಿ ನಂದ್ರದ್ದು!" "ಬಾಳಿಕೆ ನಂದ್ರದ್ದು!"

ಮದುಮಗನ ಕಿವಿ ನೆಟ್ಟಗಾಯಿತು. ಹಳೇ ಎಂಜಿನ್ ಎಂದರೆ ಪ್ರಾಣ ಬಿಡುವ ಆಸಾಮಿ ಅವನು. "ಒಂದೇ ನಿಮಿಷ. ಕೋಟು ಹಿಡ್ಕೊಳ್ಳಿ, ಕೊಳೆಯಾಗಬಾರದು," ಎಂದವನೇ ಹೊರಗೋಡಿ ಹಸಿರು ಕಾರಿನ ಪಕ್ಕ ಮಂಡಿಯೂರಿ ಅಡಿಗೆ ಕೈ ಹಾಕಿದ. "ಇಲ್ಲೊಂದು ಬೋಲ್ಟ್ ಸಡಿಲ ಇದೆಯಲ್ಲಾ..." ಎಂದು ಅದನ್ನು ಮುಟ್ಟಿದ.

ಅರ್ಧ ಲೀಟರ್ ಕರಿ ಆಯಿಲ್ ಅವನ ತೊಡೆಯ ಮೇಲೆ ಚಿಮ್ಮಿತು.

ಕೋಟು ಹಿಡಿದು ಹಿಂದೆಯೇ ಓಡಿಬಂದಿದ್ದ ಟೈಲರ್‌ಗೆ ಕಣ್ಣು ಕತ್ತಲೆಯಾಯಿತು. ಮದುಮಗ ಮಾತ್ರ ನಗುತ್ತಲೇ ಎದ್ದು, ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮ ಸೊಂಟ ಎಷ್ಟು?"

"ಮೂವತ್ನಾಲ್ಕು," ವೃತ್ತಿಯ ಅಭ್ಯಾಸಬಲದಿಂದ ಟೈಲರ್ ಥಟ್ಟನೆ ಹೇಳಿಬಿಟ್ಟ.

"ನಂದೂ ಅಷ್ಟೇ!"

ಹನ್ನೊಂದಕ್ಕೆ ಸರಿಯಾಗಿ ವಾದ್ಯ ಮೊಳಗಿತು. ಟೈಲರ್ ಉಡುಪು ಬದಲಿಸುವ ಕೋಣೆಯಲ್ಲಿ, ಹೂವಿನ ಚಿತ್ತಾರದ ಕಿಟಕಿ ಪರದೆಯನ್ನು ಸೊಂಟಕ್ಕೆ ಸುತ್ತಿ ಕುಳಿತಿದ್ದ. ಯಾರೂ ನೋಡಲಿಲ್ಲವಲ್ಲ, ಅಷ್ಟೇ ಸಾಕು ಎಂದುಕೊಂಡ.

ಅಷ್ಟರಲ್ಲಿ ಮೈಕಿನಲ್ಲಿ ಮದುಮಗಳ ತಂದೆಯ ದನಿ ಗುಡುಗಿತು: "ಅಳಿಯಂದಿರ ಪ್ಯಾಂಟು ನೋಡಿ, ಎಷ್ಟು ಲಕ್ಷಣವಾಗಿ ಕೂತಿದೆ! ಇದನ್ನ ಹೊಲಿದೋರಿಗೆ ಈಗಲೇ ಸನ್ಮಾನ ಮಾಡ್ಬೇಕು. ಎಲ್ಲಿದ್ರೂ ಎತ್ತಿಕೊಂಡು ಬನ್ನಿ!"

ಚಪ್ಪಾಳೆಯ ನಡುವೆ ಎಂಟು ಹತ್ತು ಜೊತೆ ಬೂಟುಗಳ ಸದ್ದು ಕೋಣೆಯ ಕಡೆ ಓಡಿಬಂತು. ಟೈಲರ್ ಬಾಗಿಲಿನ ಚಿಲಕ ನೋಡಿದ. ಚಿಲಕವೇ ಇರಲಿಲ್ಲ.