ಕಾಕಾ ಒಪ್ಪದ ‘ಯು’

ನಮ್ಮ ಕಾಕಾನಿಗೆ ಇಂಗ್ಲಿಷಿನ ಮೇಲೆ ಏನೂ ಸಿಟ್ಟಿಲ್ಲ, ಅದರಲ್ಲಿರುವ ಒಂದೇ ಒಂದು ಶಬ್ದ ಬಿಟ್ಟರೆ. ‘ಯು’! ಆ ಶಬ್ದವನ್ನು ಮುಟ್ಟದೆ ಇಂಗ್ಲಿಷ್ ಕಲಿಸುವ ಪುಣ್ಯಾತ್ಮರು ಯಾರಾದರೂ ಇದ್ದರೆ ದಯವಿಟ್ಟು ಜಮಖಂಡಿಯ ನಮ್ಮ ಮನೆಗೆ ಕಳಿಸಿಕೊಡಿ. ನಾನಂತೂ ಹುಡುಕಿ ಸೋತಿದ್ದೇನೆ.

ನನ್ನ ಮಗಳು ಐದನೆಯ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಈ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಅಲ್ಲಿ ತುಟಿ ಬಿಚ್ಚುವುದಿಲ್ಲ. ದೀಪಾವಳಿಯೊಳಗೆ ಒಂದು ವಾಕ್ಯವಾದರೂ ಆಡದಿದ್ದರೆ ಮತ್ತೆ ಐದಕ್ಕೇ ಕೂರಿಸುತ್ತೇವೆ ಎಂದು ಶಾಲೆಯವರು ಹೇಳಿ ಕಳಿಸಿದರು. ಗಾಬರಿಯಾಗಿ ಟ್ಯೂಷನ್ ಮಾಸ್ತರರನ್ನು ಹುಡುಕತೊಡಗಿದೆ. ಬಂದವರ ಪರೀಕ್ಷೆ ಮಾಡುವ ಜವಾಬ್ದಾರಿಯನ್ನು ಪಕ್ಕದ ಮನೆಯ ಈ ಕಾಕಾನೇ ಹೊತ್ತುಕೊಂಡರು. ಯಾರು ಕೊಟ್ಟರು? ಯಾರೂ ಕೊಡಲಿಲ್ಲ!

ಮೊದಲು ಬಂದವರು ಮುಧೋಳದವರು. ಟೈ ಕಟ್ಟಿಕೊಂಡು, ಬೈಕಿನ ಮೇಲೆ ಬಂದಿದ್ದರು. ಮಗಳನ್ನು ಎದುರಿಗೆ ಕೂರಿಸಿಕೊಂಡು “ಹೂ ಆರ್ ಯು?” ಎಂದರು. ಕಾಕಾ ಕೈ ಅಡ್ಡ ಹಿಡಿದರು.

“ಯು ಅಂದ್ರ ನೀನೋ, ನೀವೋ?”

“ಎರಡೂ ಅದ ರೀ.”

“ಅಂದ್ರ ನನಗೂ ಯು, ಬಾಗಲಾಗಿನ ನಾಯಿಗೂ ಯು?”

“ಹೌದ್ರಿ!” ಎಂದು ಮಾಸ್ತರರು ನಕ್ಕರು. ನಗಬಾರದಿತ್ತು.

“ಚಹಾ ಕುಡದು ಹೋಗ್ರಿ. ನಾಳಿಂದ ಬರಬ್ಯಾಡ್ರಿ,” ಎಂದರು ಕಾಕಾ. ನನ್ನ ಮೈಯೆಲ್ಲ ಉರಿಯಿತು. ಟ್ಯೂಷನ್ ನನ್ನ ಮಗಳಿಗೋ, ಇವರಿಗೋ?

ಎರಡನೆಯವರು ಬನಹಟ್ಟಿಯವರು, ಪಾಪ, ಸಮಾಧಾನದ ಮನುಷ್ಯ. ಅವರ ಜೊತೆ ಕಾಕಾ ಒಂದು ಒಪ್ಪಂದ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಮರ್ಯಾದೆ ಇಲ್ಲದಿದ್ದರೆ ನಾವೇ ಹಚ್ಚೋಣ! “ಥ್ಯಾಂಕ್ಯೂ ರೀ”, “ಕಮಿನ್ ರೀ”, “ಯು ರೀ”. ಹದಿನೈದು ದಿನ ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಕೇಳಿಸಿಕೊಂಡೆ. ಹದಿನಾರನೆಯ ದಿನ ಮಾಸ್ತರರು ಬಾಗಿಲಲ್ಲೇ ಕೈ ಮುಗಿದರು.

“ಅಕ್ಕಾರ, ನಿನ್ನೆ ನಮ್ಮ ಸಾಲ್ಯಾಗ ತಪಾಸಣಿಗೆ ಬಂದ ಸಾಹೇಬ್ರ ಮುಂದ ಹುಡುಗರಿಗೆ ‘ಸಿಟ್ ಡೌನ್ ರೀ’ ಅಂದ್ಬಿಟ್ಟೆ. ನನ್ನ ಇಂಗ್ಲಿಷ್ ಕೆಡಾಕತ್ತೈತ್ರಿ. ನನ್ನ ಬಿಟ್ಬಿಡ್ರಿ!”

ಅವರು ಹೋದರು. ದೀಪಾವಳಿಗೆ ಉಳಿದದ್ದು ಎರಡೇ ವಾರ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

“ಕಾಕಾ, ಒಂದು ಶಬ್ದದ ಸಲುವಾಗಿ ಹುಡುಗಿ ಒಂದು ವರ್ಷ ಹಿಂದ ಬೀಳತೈತಿ! ಏನ್ ಹಟಾ ರೀ ನಿಮ್ದು?”

ಕಾಕಾ ನಿಂತಲ್ಲೇ ಹೇಳಿದರು.

“ನಾ ನೌಕರಿ ಮಾಡುವಾಗ ನಮ್ಮ ಕಚೇರಿಗೆ ಒಬ್ಬ ಸಾಹೇಬ ಬಂದಿದ್ದ ಬೇ. ಮೂರು ವರ್ಷ ಪೆನ್ನಿಲೆ ಟೇಬಲ್ ಬಡದು ‘ಯೂ!’ ಅಂತ ಕರದ. ಎಲ್ಲಾರ ಮುಂದ. ನನಗೂ ಹೆಸರಿತ್ತು. ಖರೆ, ತಿರುಗಿ ಅನ್ನಾಕ ನನಗ ಇಂಗ್ಲಿಷ್ ಬರಲಿಲ್ಲ. ಈ ಕೂಸಿಗೆ ಯಾರೂ ಹಂಗ ಅನ್ನಬಾರದು, ಇದೂ ಯಾರಿಗೂ ಹಂಗ ಅನ್ನಬಾರದು. ಅಷ್ಟ.”

ಇಷ್ಟು ದಿನ ಅವರ ಮೇಲೆ ಹಾರಾಡಿದ್ದಕ್ಕೆ ನಾಚಿಕೆಯಾಯಿತು.

ಒಳಗಿನಿಂದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ಕಾಕಾನ ಕೈ ಹಿಡಿದಳು. ಆಮೇಲೆ ಮೆಲ್ಲಗೆ, ಒಂದೊಂದೇ ಶಬ್ದ ಹೆಕ್ಕಿ ಹೇಳಿದಳು.

“ಯು… ಆರ್… ಮೈ ಅಜ್ಜಾ.”

ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿದಷ್ಟೂ ಮುಖ ಒದ್ದೆಯಾಗುತ್ತಿತ್ತು.

“ಇನ್ನೊಮ್ಮೆ ಅನ್ನು, ಯವ್ವಾ,” ಎಂದರು.